ಬೇಸಾಯದ ಕುಲ

ಸುಗ್ಗಿ ಮುಗಿದ ಮೇಲಿನ ಮೊದಲ ಭಾನುವಾರ ತರೀಕೆರೆಯ ಪ್ರಾರ್ಥನಾ ಮಂದಿರದಲ್ಲಿ ಸ್ತೋತ್ರದ ಆರಾಧನೆ. ಜನ ರಾಗಿ, ಅವರೆ, ಕುಂಬಳಕಾಯಿ ತಂದು ಮುಂದೆ ಇಟ್ಟು, ಒಬ್ಬೊಬ್ಬರಾಗಿ ಎದ್ದು ಆ ವರ್ಷ ದೇವರು ತಮಗೆ ಮಾಡಿದ ಉಪಕಾರವನ್ನು ಹೇಳುತ್ತಿದ್ದರು. ಎಲ್ಲರದೂ ಆದ ಮೇಲೆ ಏಳುವವಳು ಹಾಲಮ್ಮ. ಮಿಶನ್ ಶಾಲೆಯ ದಾನಿಯೇಲ ಮೇಷ್ಟ್ರ ತಾಯಿ. ಅರವತ್ತೈದು ದಾಟಿದ್ದರೂ ಗೋಡೆ ಹಿಡಿಯದೆ ಎದ್ದು, ಸೆರಗು ಸರಿಮಾಡಿಕೊಂಡು, ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದಳು.

"ನಾನು ಅಜ್ಜಂಪುರದ ಆಚೆ ಒಂದು ಕೇರಿಯೋಳು. ನಮ್ಮನೆಯೋರು ಸತ್ತ ದನ ಹೊರೋರು. ನಾನು ಹಿಂದ್ಗಡೆ ಬುಟ್ಟಿ ಹಿಡ್ಕೊಂಡು ಹೋಗೋಳು. ಊರೊಳಕ್ಕೆ ಬರಬೇಕಾದ್ರೆ ಕೂಗ್ಕೊಂಡು ಬರಬೇಕು. ಧಾತು-ಈಶ್ವರ ವರ್ಷದ ದೊಡ್ಡ ಬರದಲ್ಲಿ ನಮ್ಮನೆಯೋರು ಹೋದ್ರು, ಎರಡು ಮಕ್ಳು ಹೋದ್ವು. ಈ ದಾನಿಯೇಲನ್ನ ಎತ್ಕೊಂಡು ಗಂಜಿ ಕೊಡೋ ಕಡೆ ಬಂದೆ. ಅಲ್ಲಿ ನನ್ನ ಆ ಕಡೆ ನಿಂತ್ಕೋ ಅನ್ನಲಿಲ್ಲ. ಹೆಸರೇನಮ್ಮ ಅಂದ್ರು. ಅವತ್ತಿನ ತನಕ ನನ್ನ ಹೆಸರು ಬೇಕಾದೋರು ಯಾರೂ ಇರಲಿಲ್ಲ. ಆಮೇಲೆ ಓದೋದು ಕಲ್ತೆ. ಇವತ್ತು ನೆಟ್ಟಗೆ ನಿಂತು ಮಾತಾಡ್ತಿದೀನಿ. ದೇವರು ನಂಗೆ ಮಾಡಿದ್ದು ಇದು."

ಇಷ್ಟು ಹೇಳಿ ಕೂರುತ್ತಿದ್ದಳು. ದೀಕ್ಷಾಸ್ನಾನದ ಹೊತ್ತಿಗೆ ಅವಳಿಗೊಂದು ಹೊಸ ಹೆಸರಿಡಲು ಪಾದ್ರಿ ನೋಡಿದ್ದರಂತೆ. "ಹಾಲಮ್ಮ ಅಂದ್ರೆ ದೇವರಿಗೆ ಗುರ್ತು ಸಿಗಲ್ವಾ ಸ್ವಾಮಿ?" ಎಂದು ಕೇಳಿದ್ದಳಂತೆ. ಹಾಗಾಗಿ ಹಾಲಮ್ಮನಾಗಿಯೇ ಉಳಿದಳು.

ಸೊಸೆ ಕರುಣಮ್ಮ ಈ ಸಾಕ್ಷಿಯನ್ನು ಇಪ್ಪತ್ತೆರಡು ಸಲ ಕೇಳಿದ್ದಳು. "ಹೆಸರೇನಮ್ಮ ಅಂದ್ರು" ಅನ್ನುವಲ್ಲಿಗೆ ಬಂದಾಗ ಈಗಲೂ ಅವಳು ತಲೆಯೆತ್ತಿ ಅತ್ತೆಯ ಮುಖ ನೋಡುತ್ತಿದ್ದಳು. ಕರುಣಮ್ಮನ ಹೆಸರನ್ನು ಯಾರೂ ಕೇಳಿರಲಿಲ್ಲ. ಅದೇ ಬರದಲ್ಲಿ ಕಡೂರಿನ ರಸ್ತೆಯ ಪಕ್ಕ, ಹುಣಸೆಮರದ ಬುಡದಲ್ಲಿ ಸಿಕ್ಕ ಮೂರು ವರ್ಷದ ಮಗು ಅವಳು. ಅನಾಥಾಲಯದವರು ಎತ್ತಿಕೊಂಡು ಹೋಗಿ ಕರುಣಮ್ಮ ಎಂದು ಕರೆದರು. ಅಪ್ಪ ಯಾರು, ಅವ್ವ ಯಾರು, ಯಾವ ಊರು, ಯಾವ ಜಾತಿ, ಹೇಳುವವರು ಒಬ್ಬರೂ ಬದುಕಿರಲಿಲ್ಲ.

ಈ ವರ್ಷ ಸುಗ್ಗಿಗೆ ಮೊದಲು ಅಜ್ಜಂಪುರದಿಂದ ಮೇಷ್ಟ್ರಿಗೆ ಒಂದು ಕಾಗದ ಬಂತು. ಬರೆದವರು ಬೆನಕಪ್ಪನವರು. ಲಿಂಗವಂತರ ದೊಡ್ಡ ಮನೆತನದಲ್ಲಿ ಹುಟ್ಟಿ, ಹದಿನೈದು ವರ್ಷದ ಹಿಂದೆ ಹೆಂಡತಿ ಮಗನ ಜೊತೆ ಕ್ರೈಸ್ತರಾದವರು. ಅವರ ಮಗ ಸತ್ಯವಂತ ಶಿವನಿ ಸ್ಟೇಷನ್ನಿನಲ್ಲಿ ಸಿಗ್ನಲರ್. ಮೇಷ್ಟ್ರ ಮಗಳು ಎಸ್ತೇರಿ ಮೈಸೂರಿನಲ್ಲಿ ಹೆರಿಗೆಯ ಕೆಲಸ ಕಲಿತು ಕಡೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಅವಳು ರಜೆಗೆ ಊರಿಗೆ ಬರುವಾಗ ಬೀರೂರಿನಲ್ಲಿ ರೈಲು ಬದಲಿಸಬೇಕು. ಕೆಲಸದ ಮೇಲೆ ಅಲ್ಲಿಗೆ ಬರುತ್ತಿದ್ದ ಅವನೂ ಅವಳೂ ಒಂದೆರಡು ಸಲ ಮಾತಾಡಿದ್ದರು. ಹುಡುಗನೇ ಅಪ್ಪನಿಗೆ ಹೇಳಿ ಬರೆಸಿದ್ದ. ಎಸ್ತೇರಿಯೂ ತಾಯಿಯ ಹತ್ತಿರ, "ಒಳ್ಳೆಯವರು ಕಣವ್ವ. ನನ್ನ ಕೆಲಸದ ಬಗ್ಗೆ ನಗದೆ ಕೇಳಿದ್ರು," ಎಂದಿದ್ದಳು. ಎಸ್ತೇರಿಯ ಬಾಯಿಂದ ಅದು ದೊಡ್ಡ ಮಾತು.

ಕಾಗದವೆಲ್ಲ ಮರ್ಯಾದೆಯದೇ. ಕೊನೆಯಲ್ಲಿ ಒಂದು ಸಾಲು: ತಮ್ಮ ಪೂರ್ವದ ಕುಲ ಯಾವುದೆಂದು ತಿಳಿಸಿದರೆ ನಮ್ಮ ಮನೆಯವರಿಗೆ ಸಮಾಧಾನ.

ಮೇಷ್ಟ್ರು ಆ ಸಾಲನ್ನು ಓದಿ ಕಾಗದ ಮಡಿಸಿದರು. ಎರಡು ದಿನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಮೂರನೆಯ ದಿನ ಸಂಜೆ ಕರುಣಮ್ಮ ಒಲೆಯ ಮುಂದೆ ಕೂತಿದ್ದಾಗ ಬಂದು, ಉತ್ತರ ಬರೆದಾಯಿತು ಎಂದರು.

"ಏನಂತ ಬರೆದ್ರಿ?"

"ನಮ್ಮದು ಬೇಸಾಯದ ಕುಲ ಅಂತ."

ಕರುಣಮ್ಮ ಊದುಗೊಳವೆಯನ್ನು ಕೆಳಗಿಟ್ಟಳು. "ಅತ್ತೆಗೆ ಹೇಳಿದ್ರಾ?"

"ಅವ್ವನಿಗೆ ಯಾಕೆ ಈಗ? ಮದುವೆ ಆಗ್ಲಿ. ನಿಧಾನಕ್ಕೆ ನಾನೇ ಹೇಳ್ತೀನಿ. ನಿಂದೂ ಬರ್ದಿದೀನಿ. ಒಕ್ಕಲಿಗರ ಮನೆತನ ಅಂತ."

"ನಿಮಗೆ ಹೆಂಗೆ ಗೊತ್ತು?"

"ಇರಬಹುದಲ್ಲ. ಅಲ್ಲ ಅನ್ನೋಕೆ ಯಾರಿದಾರೆ?"

ಕರುಣಮ್ಮ ಅದಕ್ಕೆ ಏನೂ ಅನ್ನಲಿಲ್ಲ. ಅನ್ನಬೇಕಿತ್ತು. ಮಾರನೆಯ ದಿನ ರಾಗಿ ಬೀಸುವಾಗ ಅವಳಿಗೆ ನೇಗಿಲು ಹೆಗಲ ಮೇಲಿಟ್ಟುಕೊಂಡು ಬರುವ ಒಬ್ಬ ಅಪ್ಪ ಕಂಡ. ಬುತ್ತಿ ಹೊತ್ತು ಹೊಲದ ಬದುವಿನ ಮೇಲೆ ನಡೆಯುವ ಒಬ್ಬಳು ಅವ್ವ ಕಂಡಳು. ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ಅವಳಿಗೊಂದು ತವರು ಸಿಕ್ಕಿತ್ತು. ಸುಳ್ಳೆಂದು ತಿಳಿದಿದ್ದರೂ ಎರಡು ದಿನ ಅದನ್ನು ಬಿಡಲು ಮನಸ್ಸಾಗಲಿಲ್ಲ.

ಸ್ತೋತ್ರದ ಭಾನುವಾರ ಹತ್ತಿರ ಬಂತು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮೇಷ್ಟ್ರು ತಾಯಿಯ ಮುಖ ನೋಡದೆ ಹೇಳಿದರು.

"ಅವ್ವ, ಈ ಸಲ ನೀನು ಸಾಕ್ಷಿ ಹೇಳೋದು ಬೇಡ."

ಹಾಲಮ್ಮ ಮುದ್ದೆ ಮುರಿಯುತ್ತಿದ್ದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿದಳು. "ಯಾಕಪ್ಪ?"

"ಅಜ್ಜಂಪುರದ ಉಪದೇಶಿ ಬತ್ತಾರೆ. ಅಲ್ಲಿ ಹೋಗಿ ಹೇಳ್ತಾರೆ. ಹುಡುಗನ ಕಡೆಯೋರು ಹಳೇ ಕಾಲದೋರು."

"ಅವರೂ ನಮ್ಮ ಸಭೆಯೋರೇ ಅಲ್ವಾ?"

"ಸಭೆಯೋರೇ. ಆದ್ರೂ ಮನಸ್ಸು ಒಂದೇ ಸಲಕ್ಕೆ ತಿರುಗಲ್ಲ ಅವ್ವ. ಈ ಒಂದು ವರ್ಷ ಸುಮ್ಮನಿರು."

"ದೇವರು ಮಾಡಿದ್ದನ್ನ ಹೇಳ್ಬೇಡ ಅಂತೀಯ."

"ಈ ಒಂದು ಸಲ."

ಹಾಲಮ್ಮ ಮುದ್ದೆಯ ತುಂಡನ್ನು ಸಾರಿನಲ್ಲಿ ಅದ್ದಿ ನುಂಗಿ, ನೀರು ಕುಡಿದಳು. ಆಮೇಲೆ ಮಾತಾಡಿದಳು. "ಮಗೀನ ಮದುವೆ ಅಂತ ಸುಮ್ಮನಿರ್ತೀನಿ. ಆದ್ರೆ ಯಾರಾದ್ರೂ ಕೇಳಿದ್ರೆ ಹೇಳ್ತೀನಿ. ಸುಳ್ಳು ನನ್ನ ಬಾಯಲ್ಲಿ ಬರಲ್ಲ. ಅದನ್ನ ಬಿಟ್ಟೇ ನಾನು ಇಲ್ಲಿಗೆ ಬಂದಿದ್ದು."

ಆ ಭಾನುವಾರ ಎಲ್ಲರೂ ಹೇಳಿ ಮುಗಿಸಿದ ಮೇಲೆ ಜನ ಹಾಲಮ್ಮನ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿ ಚಾಪೆಯ ಅಂಚನ್ನು ಸವರುತ್ತಾ ಕೂತಿದ್ದಳು. ಪಾದ್ರಿ ಸ್ವಲ್ಪ ಹೊತ್ತು ಕಾದು ಹಾಡು ಎತ್ತಿದರು.

ಮುಂದಿನ ವಾರ ಎಸ್ತೇರಿ ರಜೆಗೆ ಬಂದಳು. ಚೀಲ ಇಳಿಸಿ ಕೈಕಾಲು ತೊಳೆಯುವ ಮೊದಲೇ ಕೇಳಿದಳು.

"ಅಜ್ಜಿ ಸಾಕ್ಷಿ ಹೇಳಲಿಲ್ಲವಂತೆ? ಸ್ಟೇಷನ್ನಿನಲ್ಲೇ ಹೇಳಿದ್ರು ನಂಗೆ. ಮೈಗೆ ಹುಷಾರಿರಲಿಲ್ವಾ ಅಜ್ಜಿ?"

"ಮೈಗೇನಾಗಿತ್ತು," ಎಂದಳು ಹಾಲಮ್ಮ. "ನಿಮ್ಮಪ್ಪನ್ನ ಕೇಳು."

ಮೇಷ್ಟ್ರು ಮಕ್ಕಳ ಬರೆಹದ ಹಲಗೆಗಳನ್ನು ಒರೆಸುತ್ತಿದ್ದರು. "ನಿನ್ನ ವಿಚಾರವೇ ಕಣಮ್ಮ. ಅಜ್ಜಂಪುರದೋರಿಗೆ ನಮ್ಮ ಹಿಂದಿಂದೆಲ್ಲಾ ಒಮ್ಮೆಗೇ ಯಾಕೆ? ಮೊದಲು ಮನುಷ್ಯರ ಪರಿಚಯ ಆಗ್ಲಿ."

"ಅವರಿಗೆ ಗೊತ್ತಿಲ್ವಾ?"

"ಗೊತ್ತಾಗುತ್ತೆ."

"ಅಪ್ಪ, ಕಡೂರಿನಲ್ಲಿ ನಾನು ಕೇರಿಗೆ ಹೆರಿಗೆಗೆ ಹೋಗ್ತೀನಿ. ಗೌಡರ ಮನೆಗೂ ಹೋಗ್ತೀನಿ. ಗೌಡ್ತಿ ಕೇಳಿದ್ಲು, ನೀನು ಯಾರ ಪೈಕಿ ಅಂತ. ನಮ್ಮಜ್ಜಿ ಕೇರಿಯೋಳು ಅಂದೆ. ಆ ಹೊತ್ತಲ್ಲಿ ಅವಳಿಗೆ ನನ್ನ ಕೈ ಬೇಕಿತ್ತು, ಸುಮ್ಮನಾದ್ಲು. ಹೊರಗಿನೋರಿಗೆ ಹೇಳಿದ್ದನ್ನ ನಮ್ಮೋರಿಗೆ ಹೇಳಬಾರದಾ?"

"ಗೌಡ್ತಿ ನಿನ್ನ ಸೊಸೆ ಮಾಡ್ಕೊಳಲ್ಲ," ಎಂದರು ಮೇಷ್ಟ್ರು. "ಇವರು ಮಾಡ್ಕೋತಾರೆ. ನಾನು ಶಾಲೆಯಲ್ಲಿ ಕೂತು ಎಷ್ಟು ಕಡೆಯಿಂದ ಬೇಡ ಅನ್ನಿಸಿಕೊಂಡಿದೀನಿ ನಿಂಗೆ ಗೊತ್ತಾ? ಕೆಲಸಕ್ಕೆ ಹೋಗೋ ಹುಡುಗಿ, ಹೆರಿಗೆ ಮಾಡ್ಸೋ ಹುಡುಗಿ ಅಂತ ನಾಲ್ಕು ಕಡೆ ತಿರುಗಿಸಿ ಕಳಿಸಿದ್ರು."

ಎಸ್ತೇರಿ ಬಾಯಿ ತೆರೆದಳು. ಆಮೇಲೆ ಏನು ನೆನೆದುಕೊಂಡಳೋ, ಚೀಲ ಎತ್ತಿಕೊಂಡು ಒಳಗೆ ಹೋದಳು. ಮಗಳಿಗೆ ಆ ಹುಡುಗ ಬೇಕಾಗಿದ್ದಾನೆ ಎಂದು ಕರುಣಮ್ಮನಿಗೆ ತಿಳಿಯಿತು. ಮನೆಯಲ್ಲಿ ಈಗ ನಾಲ್ಕು ಜನವೂ ಒಂದೊಂದು ಕಾರಣಕ್ಕೆ ಬಾಯಿ ಮುಚ್ಚಿಕೊಂಡಿದ್ದರು. ಬರೆದ ಕಾಗದದ ವಿಷಯ ಮಾತ್ರ ಅಜ್ಜಿಗೂ ಮೊಮ್ಮಗಳಿಗೂ ಇನ್ನೂ ಗೊತ್ತಿರಲಿಲ್ಲ.

ಬೆನಕಪ್ಪನವರೂ ತೀರ್ಥಮ್ಮನೂ ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಸತ್ಯವಂತನಿಗೆ ಅವತ್ತು ಕೆಲಸ, ಅವನು ಬರುವಂತಿರಲಿಲ್ಲ. ಬೆಳಗಿನ ಜಾವವೇ ಎದ್ದು ಹಾಲಮ್ಮ ಅಡುಗೆಗೆ ಕೂತಳು. ಬರುವವರು ಮಾಂಸ ಮುಟ್ಟುವವರಲ್ಲ ಎಂದು ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು, ಹುರಿದ ಕೊಬ್ಬರಿ ಅರೆದು ಹಾಕಿ ಬಸ್ಸಾರು ಮಾಡಿದಳು. ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ತೆಗೆದಳು. ಕರುಣಮ್ಮ ಹೋಳಿಗೆ ತಟ್ಟಿದಳು. ಎಲ್ಲ ಮುಗಿಯುವ ಹೊತ್ತಿಗೆ ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹೇಳಲು ಆಗದೆ ಹೊಸಿಲನ್ನು ನೋಡಿದರು.

"ಗೊತ್ತಾಯ್ತು ಬಿಡು," ಎಂದಳು ಹಾಲಮ್ಮ. "ನಾನು ಹಿತ್ತಲಲ್ಲಿರ್ತೀನಿ. ಅವರೆಕಾಯಿ ಬಿಡಿಸೋದಿದೆ."

ಮೊರ ಹಿಡಿದುಕೊಂಡು ಹಿತ್ತಲ ನುಗ್ಗೆಮರದ ನೆರಳಿಗೆ ಹೋಗಿ ಕೂತಳು.

ಬೆನಕಪ್ಪನವರು ಎತ್ತರದ ಆಳು. ತಲೆಗೆ ರುಮಾಲು, ಮಾತು ಕಡಿಮೆ. ತೀರ್ಥಮ್ಮ ಬಿಳಿಚಿಕೊಂಡ ಮುಖದ ಹೆಂಗಸು, ಕೂತ ಕಡೆ ಕೂತು ಮನೆಯನ್ನೆಲ್ಲ ಕಣ್ಣಲ್ಲೇ ಗುಡಿಸಿದಳು. ಆಗಾಗ ಅವಳ ಕೈ ಎದೆಯ ಹತ್ತಿರ ಹೋಗಿ, ಅಲ್ಲಿ ಏನೋ ಸಿಗದೆ ಕೆಳಗಿಳಿಯುತ್ತಿತ್ತು. ಅಲ್ಲೊಮ್ಮೆ ಲಿಂಗದ ಕರಡಿಗೆ ತೂಗುತ್ತಿದ್ದಿರಬೇಕು ಎಂದುಕೊಂಡಳು ಕರುಣಮ್ಮ.

ಎಸ್ತೇರಿಯನ್ನು ಅವರು ಹೆಚ್ಚು ಪರೀಕ್ಷೆ ಮಾಡಲಿಲ್ಲ. ಬೆನಕಪ್ಪನವರು ಆಸ್ಪತ್ರೆಯ ವಿಷಯ ಕೇಳಿದರು. ಅವಳು ತಲೆಯೆತ್ತಿ ಉತ್ತರ ಹೇಳಿದಳು. ಅದು ಅವರಿಗೆ ಹಿಡಿಸಿದಂತೆ ಕಂಡಿತು. ಎಲೆ ಹಾಕಿದರು. ಮೇಷ್ಟ್ರು ಪ್ರಾರ್ಥನೆ ಮಾಡಿದರು. ಊಟ ಶುರುವಾಯಿತು.

"ನಿಮ್ಮ ತಾಯಿ ಇದಾರಂತೆ?" ಎಂದು ಬೆನಕಪ್ಪನವರು ಕೇಳಿದರು.

"ಇದಾರೆ. ಹುಷಾರಿಲ್ಲ, ಮಲಗಿದಾರೆ," ಎಂದರು ಮೇಷ್ಟ್ರು.

ಎಸ್ತೇರಿ ಅಪ್ಪನ ಮುಖ ನೋಡಿದಳು. ಕರುಣಮ್ಮ ಸೌಟು ಹಿಡಿದು ಬಡಿಸುತ್ತಾ ಮುಂದಿನ ಎಲೆಗೆ ಹೋದಳು.

ತೀರ್ಥಮ್ಮ ಬಸ್ಸಾರನ್ನು ಎರಡನೆಯ ಸಲ ಹಾಕಿಸಿಕೊಂಡಳು. ಆ ಹೊತ್ತಿಗೆ ಅವಳ ಮುಖ ಸಡಿಲವಾಗಿತ್ತು. "ಕರುಣಮ್ಮಾರೆ, ಈ ಸಾರು ನೀವು ಮಾಡಿದ್ದಾ? ನಮ್ಮಮ್ಮ ಹಿಂಗೇ ಮಾಡೋರು. ತವರು ಬಿಟ್ಟ ಮೇಲೆ ಈ ರುಚಿ ಸಿಕ್ಕೇ ಇರಲಿಲ್ಲ."

"ನಮ್ಮತ್ತೆ ಮಾಡಿದ್ದು," ಎಂದುಬಿಟ್ಟಳು ಕರುಣಮ್ಮ.

"ಹುಷಾರಿಲ್ಲ ಅಂದ್ರಲ್ಲ?"

ಮೇಷ್ಟ್ರು ನೀರಿನ ಚೆಂಬಿಗೆ ಕೈ ಹಾಕಿದರು. ತೀರ್ಥಮ್ಮ ನಗುತ್ತಲೇ ಮಾತು ಮುಂದುವರಿಸಿದಳು. "ಇರಲಿ ಬಿಡಿ, ವಯಸ್ಸಾದೋರು, ಕೆಲಸ ಮಾಡಿ ದಣಿದಿರ್ತಾರೆ. ನಿಮ್ಮ ತವರೂ ಒಕ್ಕಲಿಗರು ಅಂತ ಬರ್ದಿದ್ರು ಮೇಷ್ಟ್ರು. ಯಾವ ಕಡೆ?"

ಹೇಳಲು ಒಂದು ಊರಿನ ಹೆಸರನ್ನು ಮೇಷ್ಟ್ರು ಕಲಿಸಿಕೊಟ್ಟಿದ್ದರು. ಕರುಣಮ್ಮ ಆ ಹೆಸರು ಹೇಳಲು ಬಾಯಿ ತೆರೆದಳು. ಹಿತ್ತಲಿನಿಂದ ಅವರೆಕಾಯಿ ಸುಲಿದು ಮೊರಕ್ಕೆ ಹಾಕುವ ಸದ್ದು ಕೇಳಿಸುತ್ತಿತ್ತು. ಮೈಯೆಲ್ಲ ನೆಟ್ಟಗಿದ್ದ ಮುದುಕಿ ತನ್ನದೇ ಮನೆಯ ಹಿಂದೆ ಕೂತಿದ್ದಳು.

"ನಂಗೆ ಗೊತ್ತಿಲ್ಲ ಅಮ್ಮ," ಎಂದಳು ಕರುಣಮ್ಮ. "ನಾನು ಬರದಲ್ಲಿ ರಸ್ತೆಪಕ್ಕ ಸಿಕ್ಕ ಮಗು. ತವರು ಅಂತ ಇಲ್ಲ. ಜಾತಿ ಯಾವುದು ಅಂತ ನಂಗೂ ಗೊತ್ತಿಲ್ಲ, ಹೇಳೋರೂ ಇಲ್ಲ. ನಮ್ಮತ್ತೆ ಮಲಗಿಲ್ಲ. ಒಂದು ನಿಮಿಷ ಇರಿ."

ಸೌಟು ಕೆಳಗಿಟ್ಟು ಹಿತ್ತಲಿಗೆ ಹೋದಳು. "ಏಳಿ ಅತ್ತೆ, ಒಳಗೆ ಬನ್ನಿ." ಹಾಲಮ್ಮ ಏನೂ ಕೇಳಲಿಲ್ಲ. ಸೊಸೆಯ ಮುಖ ನೋಡಿ, ಮೊರ ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು ಬಂದಳು. ಕರುಣಮ್ಮ ಬೆನಕಪ್ಪನವರ ಸಾಲಿನಲ್ಲೇ ಒಂದು ಎಲೆ ಹಾಕಿ ಅವಳನ್ನು ಕೂರಿಸಿದಳು.

"ಇವರು ನಮ್ಮತ್ತೆ ಹಾಲಮ್ಮ."

"ಯಾವ ಊರಾಯ್ತು ಅಜ್ಜಿ?" ಎಂದರು ಬೆನಕಪ್ಪನವರು. ದನಿ ಬಿಗಿಯಾಗಿತ್ತು.

"ನಿಮ್ಮ ಕಡೆಯೇ ಕಣಪ್ಪ. ಅಜ್ಜಂಪುರದ ಆಚೆ. ಊರಿನೊಳಗಲ್ಲ, ಕೇರಿಯಲ್ಲಿ. ನಮ್ಮನೆಯೋರು ಸತ್ತ ದನ ಹೊರೋರು."

ತೀರ್ಥಮ್ಮನ ಕೈ ಎಲೆಯ ಮೇಲೆ ಅನ್ನದಲ್ಲಿ ಹಾಗೇ ನಿಂತಿತು. ಬೆನಕಪ್ಪನವರು ಎಲೆಯನ್ನು ಮುಂದಕ್ಕೆ ಸರಿಸಿ ಮೇಷ್ಟ್ರ ಕಡೆ ತಿರುಗಿದರು.

"ಮೇಷ್ಟ್ರೇ, ನಾನು ಕ್ರೈಸ್ತನಾದಾಗ ಅಣ್ಣತಮ್ಮಂದಿರು ಪಾಲು ಕೊಡಲ್ಲ ಅಂದ್ರು. ಮತ ಬಿಟ್ಟೋನಿಗೆ ಆಸ್ತಿ ಇಲ್ಲ ಅಂತ ಕಾನೂನೂ ಅವರ ಕಡೆಯೇ ಇತ್ತು. ಅಮಲ್ದಾರರ ಮುಂದೆ ಒಂದು ದಿನ ಲಿಂಗ ಕಟ್ಟಿಕೊಂಡು ಬಾ, ನಾನು ಬಿಟ್ಟಿಲ್ಲ ಅಂತ ಒಂದು ಮಾತು ಹೇಳು, ಆಮೇಲೆ ನಿನ್ನಿಷ್ಟ ಅಂದ್ರು. ಒಂದೇ ಒಂದು ಸುಳ್ಳು ಹೇಳಿದ್ರೆ ನನ್ನ ತೆಂಗಿನ ತೋಟ ನಂಗೆ ಉಳೀತಿತ್ತು. ಹೇಳಲಿಲ್ಲ. ನೀವು ಒಂದು ಕಾಗದದಲ್ಲಿ ಎರಡು ಸುಳ್ಳು ಬರೆದು ಕಳಿಸಿದೀರಿ."

ಮೇಷ್ಟ್ರು ತಲೆಯೆತ್ತಲಿಲ್ಲ. ಎಸ್ತೇರಿಗೆ ಕಾಗದದ ವಿಷಯ ಈಗ ಪೂರ್ತಿ ತಿಳಿಯಿತು. ಅವಳ ಮುಖ ಕೆಂಪೇರಿತು. ಆದರೂ ದನಿ ಏರಿಸಲಿಲ್ಲ.

"ನಿಮ್ಮ ಮಾತು ನಿಜ. ನಮ್ಮಪ್ಪ ಹೇಳಬಾರದ್ದು ಹೇಳಿದ್ರು. ಆದ್ರೆ ನೀವು ಕೇಳಬಾರದ್ದು ಕೇಳಿದ್ರಿ."

ಬೆನಕಪ್ಪನವರು ಅವಳ ಕಡೆ ತಿರುಗಿದರು. "ಕೇಳಿದ್ದು ನಿಜ," ಎಂದರು.

"ನಾನು ಕೇಳ್ಸಿದ್ದು," ಎಂದಳು ತೀರ್ಥಮ್ಮ. ಅವಳು ಹಾಲಮ್ಮನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. "ಇವರ ಹಿಂದೆ ಎಲ್ಲಾ ಬಿಟ್ಟು ಬಂದೆ ಅಜ್ಜಿ. ತವರು ಬಿಟ್ಟೆ. ಕೊರಳಿನ ಲಿಂಗ ಬಿಟ್ಟೆ. ನಮ್ಮಮ್ಮ ಸತ್ತಾಗ ಮುಖ ನೋಡಕ್ಕೆ ಬಿಡಲಿಲ್ಲ. ದೇವರು ದೊಡ್ಡೋನು, ಅದು ಗೊತ್ತು. ಈ ಜಾತಿ ಒಂದು ಮಾತ್ರ ಬಿಡಕ್ಕಾಗ್ತಿಲ್ಲ. ಇದು ತಪ್ಪು ಅಂತ ಗೊತ್ತು. ಆದ್ರೂ ತುತ್ತಿಗೆ ಕೈ ಏಳಲ್ಲ."

ಹಾಲಮ್ಮನಿಗೆ ಕೋಪ ಬರಬೇಕಿತ್ತು. ಬರಲಿಲ್ಲ. "ಬಿಡ್ತೀಯ ಕಣವ್ವ. ದೀಕ್ಷಾಸ್ನಾನ ಆದ ಮೇಲೂ ನಾನು ಮೂರು ವರ್ಷ ಕಳ್ಳು ಕುಡ್ದಿದೀನಿ. ಪಾದ್ರಿಗೆ ಗೊತ್ತಿತ್ತು. ನಂಗೂ ತಪ್ಪು ಅಂತ ಗೊತ್ತಿತ್ತು. ಬಾಯಿ ಕೇಳ್ತಿರಲಿಲ್ಲ. ಆಮೇಲೊಂದು ದಿನ ಬಿಡ್ತು."

ಅವರು ಊಟ ಮುಗಿಸದೆ ಎದ್ದರು. ಬೆನಕಪ್ಪನವರು ಬಾಗಿಲಲ್ಲಿ ನಿಂತು ಹಾಲಮ್ಮನಿಗೆ ಕೈ ಮುಗಿದರು, ಮೇಷ್ಟ್ರಿಗೆ ಮುಗಿಯಲಿಲ್ಲ. ತೀರ್ಥಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಗಂಡನ ಹಿಂದೆ ನಡೆದಳು.

ಉಳಿದವರು ಎಲೆಗಳ ಮುಂದೆ ಕೂತೇ ಇದ್ದರು.

"ಎಲ್ಲಾ ಹಾಳು ಮಾಡ್ಬಿಟ್ಟೆ," ಎಂದರು ಮೇಷ್ಟ್ರು ಹೆಂಡತಿಗೆ.

"ಹೌದು, ನಾನೇ," ಎಂದಳು ಕರುಣಮ್ಮ. "ನೀವು ಕೊಟ್ಟ ತವರು ಚೆನ್ನಾಗಿತ್ತು ಕಣ್ರೀ. ಆದ್ರೆ ಅದನ್ನ ಇಟ್ಕೋಬೇಕು ಅಂದ್ರೆ ಅತ್ತೆನ ಹಿತ್ತಲಲ್ಲಿ ಇಡಬೇಕಾಗಿತ್ತು. ನಂಗೆ ತಾಯಿ ಅಂತ ಇರೋದು ಇವರೊಬ್ಬರು."

ಹಾಲಮ್ಮ ತನ್ನ ಎಲೆಗೆ ತಾನೇ ಅನ್ನ ಬಡಿಸಿಕೊಂಡಳು. "ಅಳೋದು ಆಮೇಲೆ. ಅನ್ನ ಆರುತ್ತೆ. ಊಟ ಮಾಡಿ." ಆಮೇಲೆ ಮಗನ ಕಡೆ ನೋಡಿದಳು. "ನಂಗೆ ನಿನ್ನ ಮೇಲೆ ಸಿಟ್ಟಿಲ್ಲ ದಾನಿಯೇಲ. ನೀನು ಮಕ್ಳಿಗೆ ಪಾಠ ಹೇಳೋನು. ಅವಕ್ಕೆ ಏನು ಹೇಳ್ತೀಯೋ ನೀನೇ ನೋಡ್ಕೋ."

ಆ ವಾರವೆಲ್ಲ ಮೇಷ್ಟ್ರು ಮನೆಯಲ್ಲಿ ನಾಲ್ಕು ಮಾತು ಆಡಲಿಲ್ಲ. ಶಾಲೆಯಿಂದ ಬಂದು ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ. ಬುಧವಾರ ಹತ್ತು ಆಜ್ಞೆಗಳ ಪಾಠ ಬಂದಾಗ ಪುಸ್ತಕ ಮುಚ್ಚಿ ಲೆಕ್ಕ ಹೇಳಿಕೊಟ್ಟರೆಂದು ಪಕ್ಕದ ಮನೆಯ ಹುಡುಗಿ ಕರುಣಮ್ಮನಿಗೆ ಹೇಳಿದಳು.

ಭಾನುವಾರ ಆರಾಧನೆ ಮುಗಿಯುವ ಮೊದಲು ಮೇಷ್ಟ್ರು ಎದ್ದು ನಿಂತರು. ಮುಂದಿನ ಚಾಪೆಯ ಮೇಲೆ ಅವರ ಶಾಲೆಯ ಮಕ್ಕಳೆಲ್ಲ ಕೂತಿದ್ದವು.

"ನಾನು ಒಂದು ಮಾತು ಹೇಳಬೇಕು. ನನ್ನ ಮಗಳ ಸಂಬಂಧಕ್ಕೆ ನಾನು ಸುಳ್ಳು ಬರೆದೆ. ನಮ್ಮದು ಬೇಸಾಯದ ಕುಲ ಅಂತ ಬರೆದೆ. ನಮ್ಮಪ್ಪ ಊರಿನ ಸತ್ತ ದನ ಹೊತ್ತು ನನ್ನನ್ನ ಸಾಕಿದೋನು. ಅವನ ಮುಖ ನಂಗೆ ನೆನಪಿಲ್ಲ. ಸತ್ತು ಹೋದೋನನ್ನ ಇನ್ನೊಂದು ಸಲ ಇಲ್ಲ ಅನ್ನಿಸಿದೆ. ನಮ್ಮವ್ವನ್ನ ಸುಮ್ಮನೆ ಕೂರಿಸಿದೆ. ಶಾಲೇಲಿ ಮಕ್ಕಳು ಸುಳ್ಳು ಹೇಳಿದ್ರೆ ನಾನು ಬೆತ್ತ ಹಿಡೀತಿದ್ದೆ. ಇವತ್ತು ಈ ಮಕ್ಕಳ ಮುಂದೆ ಒಪ್ಕೋತೀನಿ. ಮಿಶನ್ನಿನೋರು ನನ್ನ ಕೆಲಸದಲ್ಲಿ ಇಡ್ತಾರೋ ಬಿಡ್ತಾರೋ ಅವರಿಗೆ ಬಿಟ್ಟಿದ್ದು."

ಪಾದ್ರಿ ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಆಗ ಹಾಲಮ್ಮ ಗೋಡೆ ಹಿಡಿಯದೆ ಎದ್ದಳು. ಸುಗ್ಗಿಯ ಭಾನುವಾರ ಅಲ್ಲದಿದ್ದರೂ ಅವಳು ತನ್ನ ಸಾಕ್ಷಿಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದಳು. ಕೊನೆಗೆ ಒಂದು ಸಾಲು ಹೊಸದಾಗಿ ಸೇರಿತ್ತು. "ನನ್ನ ಮಗ ನಿಮ್ಮೆಲ್ಲರ ಮುಂದೆ ನಿಜ ಹೇಳಿದ. ದೇವರು ಈ ವರ್ಷ ನಂಗೆ ಮಾಡಿದ್ದು ಇದು."

ಹೊರಗೆ ಬರುವಾಗ ಕರುಣಮ್ಮ ಎಂದಿನಂತೆ ಗಂಡನಿಗೆ ಎರಡು ಹೆಜ್ಜೆ ಹಿಂದೆ ಉಳಿಯಲಿಲ್ಲ. ಅವಳು ಅವರ ಪಕ್ಕದಲ್ಲೇ ನಡೆದಳು. ಅವತ್ತಿನಷ್ಟು ಹೆಮ್ಮೆ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಕೆಲಸ ಹೋಗಲಿಲ್ಲ. ಪಾದ್ರಿ ಮೇಲಿನವರಿಗೆ ಏನು ಬರೆದರೋ, ಸೋಮವಾರ ಶಾಲೆಯ ಗಂಟೆ ಹೊಡೆಯಿತು, ಮೇಷ್ಟ್ರು ಹೋದರು.

ಕಡೂರಿಗೆ ಎಸ್ತೇರಿಯ ಹೆಸರಿಗೆ ಸತ್ಯವಂತನ ಕಾಗದ ಬಂದಿತ್ತು. ಅವಳು ಮತ್ತೆ ಒಂದು ದಿನದ ರಜೆಗೆ ಬಂದಾಗ ಅದನ್ನು ತಾಯಿಗೆ ಓದಿ ಹೇಳಿದಳು. ನಾನು ನಿಮ್ಮ ಕುಲ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ, ಅಪ್ಪ ಅಮ್ಮ ಒಪ್ಪದಿದ್ದರೂ ಮದುವೆಯಾಗೋಣ ಎಂದು ಬರೆದಿದ್ದ.

"ನೀನೇನು ಬರೆದೆ?" ಎಂದಳು ಕರುಣಮ್ಮ.

"ಬೇಡ ಅಂತ ಬರೆದೆ."

"ಎಸ್ತೇರಿ..."

"ಅವರು ಬೇಡ ಅಂತಲ್ಲ ಅವ್ವ. ನಮ್ಮಜ್ಜಿ ಕಾಲಿಡಲಾಗದ ಮನೆಗೆ ನಾನು ಬರಲ್ಲ ಅಂತ ಬರೆದೆ. ನಿಮ್ಮಮ್ಮನಿಂದ ನಿಮ್ಮನ್ನ ಬಿಡಿಸಿಕೊಂಡೂ ಬರಲ್ಲ. ಅವರು ಈಗಾಗಲೇ ಬೇಕಾದಷ್ಟು ಕಳ್ಕೊಂಡಿದಾರೆ ಅಂತ ಬರೆದೆ." ಅವಳು ಕಾಗದವನ್ನು ಮಡಿಸಿ ಇಟ್ಟಳು. "ಸರಿ ಮಾಡಿದ್ನೋ ಇಲ್ವೋ ಗೊತ್ತಿಲ್ಲ."

"ಸರಿ ಮಾಡಿದೀಯ," ಎಂದಳು ಕರುಣಮ್ಮ. ಅವತ್ತು ಮಗಳನ್ನು ಕೂರಿಸಿ ತಲೆಗೆ ಎಣ್ಣೆ ಹಚ್ಚಿ ಬಾಚಿದಳು.

ಮೂರು ವಾರ ಅಜ್ಜಂಪುರದಿಂದ ಏನೂ ಬರಲಿಲ್ಲ. ನಾಲ್ಕನೆಯ ವಾರ, ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಮುಂಬಾಗಿಲಲ್ಲಿ ಯಾರೋ ನಿಂತ ನೆರಳು ಬಿತ್ತು. ಕರುಣಮ್ಮ ಅಂಗಳಕ್ಕೆ ಹೋಗಿ ನೋಡಿದರೆ ತೀರ್ಥಮ್ಮ. ಒಬ್ಬಳೇ. ಬೀರೂರಿನಲ್ಲಿ ರೈಲು ಬದಲಿಸಿ, ಸ್ಟೇಷನ್ನಿನಿಂದ ನಡೆದು ಬಂದಿದ್ದಳು. ಮುಖದ ಮೇಲೆ ಬೆವರು, ಕೈಯಲ್ಲಿ ಒಂದು ಗಂಟು.

"ಒಬ್ರೇ ಬಂದ್ರಾ?"

"ಒಬ್ಳೇ ಬಂದೆ. ಅವರು ಬತ್ತೀನಿ ಅಂದ್ರು, ಬೇಡ ಅಂದೆ. ನಿಮ್ಮ ಮಗಳು ಬರೆದಿದ್ದನ್ನ ನನ್ನ ಮಗ ಓದಿ ಹೇಳ್ದ." ಅವಳು ಹೊಸಿಲ ಹೊರಗೇ ನಿಂತು ಉಸಿರು ಎಳೆದುಕೊಂಡಳು. "ಊಟಕ್ಕೆ ಬಂದಿದೀನಿ."

ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಅವತ್ತು ವಿಶೇಷವೇನೂ ಇರಲಿಲ್ಲ. ಮುದ್ದೆ, ಬದನೆಕಾಯಿ ಹಾಕಿದ ಬೇಳೆ ಸಾರು. ತೀರ್ಥಮ್ಮ ಅಡುಗೆಮನೆಯಲ್ಲೇ ಗೋಡೆಗೆ ಒರಗಿ ಕೂತಳು. ಹಾಲಮ್ಮ ತಾನೇ ಮುದ್ದೆ ಕಟ್ಟಿ ಅವಳ ತಟ್ಟೆಗೆ ಹಾಕಿದಳು, ಸಾರು ಬಿಟ್ಟಳು, ಎದುರಿಗೆ ತನ್ನ ತಟ್ಟೆಯಿಟ್ಟುಕೊಂಡು ಕೂತಳು. ಕಣ್ಣು ಮುಚ್ಚಿ ನಾಲ್ಕು ಮಾತಿನ ಪ್ರಾರ್ಥನೆ ಮಾಡಿದಳು. ಪ್ರಾರ್ಥನೆಯಲ್ಲಿ ತೀರ್ಥಮ್ಮನ ಹೆಸರು ಹೇಳಿದಳು, ಬೇರೇನೂ ಹೇಳಲಿಲ್ಲ.

ತೀರ್ಥಮ್ಮ ಮುದ್ದೆ ಮುರಿದು ಕೈಯಲ್ಲಿ ಹಿಡಿದಳು. ಹಿಡಿದುಕೊಂಡೇ ಬಹಳ ಹೊತ್ತು ಕೂತಳು. ಹಾಲಮ್ಮ ಅವಳ ಕಡೆ ನೋಡದೆ ತನ್ನ ಪಾಡಿಗೆ ತಾನು ಉಣ್ಣುತ್ತಾ, ಈ ಸಲದ ಬದನೆಕಾಯಿಗೆ ಹುಳ ಜಾಸ್ತಿ ಎಂದು ಸೊಸೆಗೆ ಹೇಳುತ್ತಿದ್ದಳು. ತೀರ್ಥಮ್ಮ ತುತ್ತು ನುಂಗಿದಳು. ಇನ್ನೊಂದು ತುತ್ತು. ಅರ್ಧ ಮುದ್ದೆ ಆದ ಮೇಲೆ ಕೈ ನಿಲ್ಲಿಸಿದಳು.

"ಇವತ್ತಿಗೆ ಇಷ್ಟೇ ಆಗೋದು ಅಜ್ಜಿ."

"ಸಾಕು ಕಣವ್ವ. ಮಜ್ಜಿಗೆ ಕುಡಿ."

ತೀರ್ಥಮ್ಮ ಮಜ್ಜಿಗೆ ಕುಡಿದಳು. ಆಮೇಲೆ ಸ್ವಲ್ಪ ಚೇತರಿಸಿಕೊಂಡು ಕೇಳಿದಳು. "ನಿಮ್ಮ ಮೊಮ್ಮಗಳು ಕೇರಿಯ ಹೆರಿಗೆಗೂ ಹೋಗ್ತಾಳಂತೆ."

"ಹೋಗ್ತಾಳೆ. ಮದುವೆ ಆದ ಮೇಲೂ ಹೋಗ್ತಾಳೆ."

"ಬಂದು ಸ್ನಾನ ಮಾಡ್ತಾಳಾ?"

"ಗೌಡರ ಮನೆಯಿಂದ ಬಂದ್ರೂ ಮಾಡ್ತಾಳೆ," ಎಂದಳು ಹಾಲಮ್ಮ. ತೀರ್ಥಮ್ಮನಿಗೆ ನಗು ಬಂತು. ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಅವಳು ನಗುವುದನ್ನು ನೋಡಿ ಕರುಣಮ್ಮನಿಗೂ ನಗು ಬಂತು.

ಗಂಟಿನಲ್ಲಿ ಅವಳು ಕೊಬ್ಬರಿ ತಂದಿದ್ದಳು. ಅದನ್ನು ಕರುಣಮ್ಮನ ಕೈಗೆ ಕೊಟ್ಟು, ತನ್ನ ತಟ್ಟೆಯನ್ನು ತಾನೇ ತೊಳೆಯಲು ಹೋದಳು. ಕರುಣಮ್ಮ ಬಿಡಲಿಲ್ಲ. ಹೊರಡುವ ಹೊತ್ತಿಗೆ ಅಂಗಳದಲ್ಲಿ ನಿಂತು ತೀರ್ಥಮ್ಮ ತಾನು ಹೇಳಲು ಬಂದ ಮಾತನ್ನು ಹೇಳಿದಳು.

"ಬರೋ ಗುರುವಾರ ಎಲ್ಲರೂ ಅಜ್ಜಂಪುರಕ್ಕೆ ಬನ್ನಿ. ಮದುವೆ ಮಾತು ಮುಗಿಸೋಣ. ಅಡುಗೆ ನಾನೇ ಮಾಡ್ತೀನಿ." ಅವಳು ತಡೆದಳು. ಮುಂದಿನ ಮಾತಿಗೆ ಅವಳು ಗಟ್ಟಿಯಾಗಬೇಕಾಯಿತು. "ಬೀದಿಯಲ್ಲಿ ನಮ್ಮ ಹಳೇ ನೆಂಟರು ಜಗುಲಿ ಮೇಲೆ ಕೂತು ನೋಡ್ತಿರ್ತಾರೆ. ನೋಡ್ಲಿ. ನೀವು ಮುಂಬಾಗಿಲಿಂದಲೇ ಬನ್ನಿ ಅಜ್ಜಿ."

ಹಾಲಮ್ಮ ಕಂಬಕ್ಕೂ ಒರಗದೆ ನೆಟ್ಟಗೆ ನಿಂತಿದ್ದಳು.

"ಇನ್ಯಾವ ಬಾಗಿಲಿಂದ ಬತ್ತೀವವ್ವ," ಎಂದಳು.